ಓಟಿಯಲ್ಲಿ ಕಾಟರಿ ಹೊಗೆ, ಕೈಗೆ ಶಾಕ್: ಮೊದಲು ಯಾವುದನ್ನು ಸರಿಪಡಿಸಬೇಕು?

ಸ್ಕ್ರಬ್_ಸಿಸ್ಟರ್ ಕೇಳಿದ್ದು:

ತಾಲ್ಲೂಕು ಮಟ್ಟದ ಆಸ್ಪತ್ರೆ, ಎರಡು ಟೇಬಲ್‌ನ ಓಟಿ (ಆಪರೇಷನ್ ಥಿಯೇಟರ್). ಹರ್ನಿಯಾ, ಸಿಸೇರಿಯನ್, ಥೈರಾಯ್ಡ್, ಸ್ತನದ ಗಡ್ಡೆ, ನಡುನಡುವೆ ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್). ಕಾಟರಿ (ಕರೆಂಟಿನಿಂದ ಅಂಗಾಂಶ ಕತ್ತರಿಸಿ, ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗ ಏಳುವ ಹೊಗೆ ಎಳೆಯಲು ಬೇರೆ ಯಂತ್ರ ಇಲ್ಲ, ಚಕ್ರದ ಸಕ್ಷನ್ ಮಷಿನ್ ಒಂದೇ. ಎಲ್ಲರೂ ಮೂರು ಪದರದ ಮಾಸ್ಕ್ ಹಾಕುತ್ತೇವೆ. ಮೂರು ತೊಂದರೆ ಇವೆ.

ದೊಡ್ಡ ಕೇಸ್ ಮುಗಿಯುವಷ್ಟರಲ್ಲಿ ಸುಟ್ಟ ಕೂದಲಿನಂಥ ವಾಸನೆ ಗಂಟಲಿಗೆ ಅಂಟುತ್ತದೆ, ಕಣ್ಣು ಉರಿಯುತ್ತದೆ. ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಲೋಹದ ಚಿಮಟ) ಹಿಡಿದು ಅದಕ್ಕೆ ಕಾಟರಿ ಮುಟ್ಟಿಸಿದಾಗ ಸರ್ಜನ್ ಬೆರಳಿಗೆ ಚುರ್ ಅಂತ ಸುಡುತ್ತದೆ. ಇನ್ನೊಂದು, ಗ್ಲೌಸ್ ಇಲ್ಲದೆ ಕಾಟರಿ ಯಂತ್ರದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ದುಡ್ಡು ಕಡಿಮೆ ಇರುವಲ್ಲಿ ಯಾವುದರಿಂದ ಶುರು ಮಾಡಬೇಕು?

ಬಯೋಮೆಡಿಕಲ್_ಬೆಂಚ್:

ಸಿಸ್ಟರ್, ಕೊನೆಯದರಿಂದಲೇ ಶುರು ಮಾಡಿ. ಇವತ್ತೇ. ಆ ಯಂತ್ರದ ಪ್ಲಗ್ ಕಿತ್ತು, ‘ಬಳಸಬೇಡಿ’ ಅಂತ ಚೀಟಿ ಅಂಟಿಸಿ ಪಕ್ಕಕ್ಕಿಡಿ.

ಕಾಟರಿಯ ಔಟ್‌ಪುಟ್ ಸುಮಾರು 300ರಿಂದ 500 ಕಿಲೋಹರ್ಟ್ಸ್‌ನದು. ಅಷ್ಟು ವೇಗದ ಕರೆಂಟಿಗೆ ನರ ಜುಮ್ಮೆನ್ನುವುದಿಲ್ಲ, ಸುಡಬಹುದು ಅಷ್ಟೆ. ಜುಮ್ಮೆಂದರೆ ಅದು ಗೋಡೆಯಿಂದ ಬಂದ 50 ಹರ್ಟ್ಸ್ ಕರೆಂಟ್. ಯಂತ್ರದೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸದಾ ಚೂರುಚೂರು ಕರೆಂಟನ್ನು ಲೋಹದ ಕವಚಕ್ಕೆ ಬಿಡುತ್ತಿರುತ್ತವೆ. ಅರ್ತ್ ಇದ್ದರೆ ಅದು ಸದ್ದಿಲ್ಲದೆ ಮಣ್ಣಿಗೆ ಹೋಗುತ್ತದೆ. ಅರ್ತ್ ತುಂಡಾಗಿದ್ದರೆ ಕವಚದ ಮೇಲೆ ನೂರಕ್ಕೂ ಹೆಚ್ಚು ವೋಲ್ಟ್ ಕೂತಿರಬಹುದು. ಅದರಲ್ಲಿ ಬರುವ ಕರೆಂಟ್ ಅತ್ಯಲ್ಪ, ಅದಕ್ಕೇ ಬರೀ ಜುಮ್ಮೆನ್ನುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಒಳಗೆ ಒಂದು ಫೇಸ್ ವೈರ್ ಕವಚಕ್ಕೆ ತಾಗಿತೋ, ಮುಟ್ಟಿದವರ ಜೀವಕ್ಕೇ ಅಪಾಯ.

ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ಸಾಕೆಟ್ ಅಳೆಸಿ. ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ತ್ ಎರಡೂ ಹೆಚ್ಚುಕಡಿಮೆ 230 ವೋಲ್ಟ್ ಇರಬೇಕು, ನ್ಯೂಟ್ರಲ್–ಅರ್ತ್ ನಡುವೆ ಎರಡು-ಮೂರು ವೋಲ್ಟ್ ಮಾತ್ರ. ಫೇಸ್–ಅರ್ತ್ ಕಡಿಮೆ ತೋರಿಸಿದರೆ, ಇಲ್ಲವೇ ಓಲಾಡಿದರೆ, ಸಾಕೆಟ್‌ನಲ್ಲಿ ಅರ್ತ್ ಇಲ್ಲ ಅಂತಲೇ ತಿಳಿಯಿರಿ. ಆಮೇಲೆ ಯಂತ್ರದ ಕಡೆ. ಪ್ಲಗ್‌ನ ಅರ್ತ್ ಪಿನ್‌ನಿಂದ ಹಿಂಬದಿಯ ಅರ್ತ್ ಬೋಲ್ಟಿಗೆ, ವೈರ್ ಸೇರಿ, 0.2 ಓಮ್ ಮೀರಬಾರದು. ಮಾಮೂಲಿ ಮಲ್ಟಿಮೀಟರ್ ಇಷ್ಟು ಸಣ್ಣ ಅಂಕಿಯನ್ನು ನಂಬುವಂತೆ ತೋರಿಸುವುದಿಲ್ಲ. ಸೇಫ್ಟಿ ಅನಲೈಸರ್ ಇರುವವರನ್ನು ಕರೆಸಿ, ಲೀಕೇಜ್ ಕರೆಂಟನ್ನೂ ಅದರಲ್ಲೇ ನೋಡಿಸಿ.

ಹೆಚ್ಚಿನ ಕಡೆ ತಪ್ಪು ಯಂತ್ರದಲ್ಲಿ ಇರುವುದೇ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಹಸಿರು ವೈರ್ ಸ್ಕ್ರೂನಿಂದ ಕಳಚಿ ಒಳಗೆ ಮಡಿಸಿಕೊಂಡು ಬಿದ್ದಿರುತ್ತದೆ, ಇಲ್ಲವೇ ನೆಲದ ಮೇಲಿನ ಎಕ್ಸ್‌ಟೆನ್ಷನ್ ಬಾಕ್ಸಿನ ಅರ್ತ್ ರಂಧ್ರ ಬರೀ ಅಲಂಕಾರಕ್ಕಿರುತ್ತದೆ. ನೆಲ ಒರೆಸಿದ ನೀರು, ಸಲೈನ್ ಎಲ್ಲ ಸೇರುವುದು ಅಲ್ಲಿಗೇ. ಓಟಿಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಸರ್ಜನ್ ಬೆರಳಿನದು ಬೇರೆ ವಿಷಯ. ರಕ್ತ ಹೆಪ್ಪುಗಟ್ಟಿಸುವ ಕೋಆಗ್ ಮೋಡ್‌ನಲ್ಲಿ ತುದಿಯ ವೋಲ್ಟೇಜ್ ಸಾವಿರಗಳಲ್ಲಿರುತ್ತದೆ. ಗ್ಲೌಸ್‌ನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕರೆಂಟೆಲ್ಲ ಆ ಒಂದೇ ಚುಕ್ಕೆಯಲ್ಲಿ ನುಗ್ಗಿ ಸುಡುತ್ತದೆ. ತೂತಿಲ್ಲದಿದ್ದರೂ ತೆಳು ರಬ್ಬರ್ ಅಷ್ಟು ವೋಲ್ಟೇಜಿಗೆ ಅಲ್ಲೇ ಒಡೆಯಬಹುದು. ಹಾಗಾಗಿ ಫೋರ್ಸೆಪ್ಸನ್ನು ಎರಡು ಬೆರಳ ತುದಿಯಲ್ಲಿ ಹಿಡಿಯದೆ ಅಂಗೈ ತುಂಬ ಹಿಡಿಯಬೇಕು. ಪೆನ್ಸಿಲನ್ನು (ಕಾಟರಿಯ ಹಿಡಿಯನ್ನು) ಕೈಗಿಂತ ಕೆಳಗೆ, ಅಂಗಾಂಶದ ಹತ್ತಿರ, ಲೋಹಕ್ಕೆ ತಾಗಿಸಿದ ಮೇಲೆಯೇ ಬಟನ್ ಒತ್ತಬೇಕು. ಗಾಳಿಯಲ್ಲಿ ಕಿಡಿ ಹಾರಿಸಿ ಮುಟ್ಟಿಸಬಾರದು. ಕಟ್ ಮೋಡ್‌ನಲ್ಲಿ ವೋಲ್ಟೇಜ್ ಕಡಿಮೆ, ಫೋರ್ಸೆಪ್ಸಿಗೆ ಅದೇ ಸಾಕು. ಬಟನ್ ಒತ್ತುವಾಗ ಇನ್ನೊಂದು ಕೈಯಿಂದ ರೋಗಿಯನ್ನಾಗಲಿ ಲೋಹದ ರಿಟ್ರಾಕ್ಟರನ್ನಾಗಲಿ ಮುಟ್ಟಬಾರದು. ಸುಟ್ಟರೆ ಗ್ಲೌಸ್ ತಕ್ಷಣ ಬದಲಿಸಿ, ಅಲ್ಲಿ ತೂತಾಗಿರುತ್ತದೆ.

ಓಟಿ_ಇನ್‌ಚಾರ್ಜ್:

ಹೊಗೆಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಸುಮಾರು 95 ಭಾಗ ನೀರಾವಿ. ಉಳಿದ 5 ಭಾಗದಲ್ಲಿ ಬೆನ್ಜೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್, ಕಾರ್ಬನ್ ಮೋನಾಕ್ಸೈಡ್, ಸುಟ್ಟ ಜೀವಕೋಶದ ಚೂರುಗಳು. ಲೇಸರ್ ಹೊಗೆಯಲ್ಲಿ ನರಹುಲಿ ತರುವ ಎಚ್‌ಪಿವಿ ವೈರಸ್‌ನ ಡಿಎನ್‌ಎ ಸಿಕ್ಕಿದೆ, ನರಹುಲಿ ಸುಡುವ ಕೇಸ್‌ಗಳನ್ನು ಹಗುರವಾಗಿ ತಗೋಬೇಡಿ. ಕಾಟರಿ ಹೊಗೆಯ ಕಣ ಸರಾಸರಿ 0.07 ಮೈಕ್ರಾನ್. ಮೂರು ಪದರದ ಮಾಸ್ಕ್ ಇರುವುದು ಹನಿ, ಎಂಜಲು ತಡೆಯಲು. ಈ ಕಣಗಳು ಅದರ ಬಟ್ಟೆಯಲ್ಲೂ ಕೆನ್ನೆಯ ಸಂದಿನಲ್ಲೂ ಸಲೀಸಾಗಿ ನುಗ್ಗುತ್ತವೆ.

ಎನ್95 ಸರಿಯಾಗಿ ಮುಖಕ್ಕೆ ಕೂತರೆ ಕಣಗಳ ಮಟ್ಟಿಗೆ ಒಳ್ಳೆಯದು. ಗಡ್ಡ ಇದ್ದರೆ ಕೂರುವುದಿಲ್ಲ. ಅನಿಲಕ್ಕೆ ಅದೂ ತಡೆಯಲ್ಲ. ಆದ್ದರಿಂದ ಹೊಗೆಯನ್ನು ಹುಟ್ಟಿದಲ್ಲೇ ಹಿಡಿಯಬೇಕು, ಮಾಸ್ಕ್ ಆಮೇಲಿನ ಮಾತು.

ಸಕ್ಷನ್ ನಳಿಕೆಯ ಬಾಯಿ ಕಾಟರಿ ತುದಿಯಿಂದ 5 ಸೆಂಟಿಮೀಟರ್ ಒಳಗೆ ಇರಬೇಕು. ಒಂದು ಗೇಣು ದೂರ ಹಿಡಿದರೆ ಹಿಡಿಯದಿದ್ದ ಹಾಗೆಯೇ, ಹೊಗೆ ನೇರ ಸರ್ಜನ್ ಮೂಗಿಗೆ ಏರುತ್ತದೆ. ನಿಮ್ಮ ಚಕ್ರದ ಸಕ್ಷನ್‌ನಲ್ಲಿ ಇನ್ನೂ ಒಂದು ಕುತ್ತಿದೆ. ಎಳೆದ ಗಾಳಿ ಜಾರ್ ದಾಟಿ, ಪಂಪ್ ದಾಟಿ, ಯಂತ್ರದ ಹಿಂಬದಿಯಿಂದ ಅದೇ ಕೋಣೆಗೆ ಬರುತ್ತದೆ. ಟೇಬಲ್ ಮೇಲಿನ ಹೊಗೆ ಸರ್ಕ್ಯುಲೇಟಿಂಗ್ ನರ್ಸ್ ಕಾಲ ಬಳಿ ಬಂತು, ಅಷ್ಟೆ. ಜಾರ್ ಮತ್ತು ಪಂಪ್ ನಡುವೆ ಅಲ್ಪಾ ದರ್ಜೆಯ ಇನ್‌ಲೈನ್ ಫಿಲ್ಟರ್ ಹಾಕಿ. 0.12 ಮೈಕ್ರಾನ್ ಕಣವನ್ನು 99.999 ಪ್ರತಿಶತ ಹಿಡಿಯುವುದಕ್ಕೆ ಅಲ್ಪಾ ಅನ್ನುತ್ತಾರೆ. ಬಾಣದ ಗುರುತು ಪಂಪ್ ಕಡೆಗಿರಲಿ. ರಕ್ತ ಎಳೆಯುವ ಟ್ಯೂಬನ್ನೇ ಹೊಗೆಗೂ ಬಳಸಿದರೆ ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಳ್ಳುತ್ತದೆ, ಸಕ್ಷನ್ ಎರಡಕ್ಕೂ ಇಲ್ಲದಂತಾಗುತ್ತದೆ. ಇದು ಚಿಕ್ಕ ಕೇಸಿಗೆ ಸಾಕು. ಸ್ತನ, ದೊಡ್ಡ ಹೊಟ್ಟೆ ಕೇಸಿಗೆ ಹರಿವು ಸಾಲದು, ಹೊಗೆ ಎಳೆಯಲೆಂದೇ ಇರುವ ಯಂತ್ರ, ಅಂದರೆ ಸ್ಮೋಕ್ ಇವ್ಯಾಕ್ಯುಯೇಟರ್, ಬೇಕೇ ಬೇಕು. ಇಂಡೆಂಟ್ (ಖರೀದಿ ಬೇಡಿಕೆ) ಹಾಕುವಾಗ ಯಂತ್ರದ ಜೊತೆ ವರ್ಷದ ಫಿಲ್ಟರ್‌ಗಳನ್ನೂ ಸೇರಿಸಿ. ಫಿಲ್ಟರ್ ಮುಗಿದು ಮೂಲೆ ಸೇರಿದ ಇವ್ಯಾಕ್ಯುಯೇಟರ್‌ಗಳಿಗೆ ಲೆಕ್ಕವಿಲ್ಲ.

ಖರ್ಚಿಲ್ಲದ ಕೆಲಸವೂ ಇದೆ. ತುದಿಗೆ ಕರಿ ಕಟ್ಟಿದರೆ ಹೊಗೆ ಹೆಚ್ಚು, ಕಿಡಿ ಹೆಚ್ಚು, ಕೆಲಸ ಕಡಿಮೆ. ಸ್ಕ್ರಬ್ ನರ್ಸ್ ಆಗಾಗ ಒದ್ದೆ ಗಾಜ್‌ನಲ್ಲಿ ಒರೆಸಿ ಕೊಡಬೇಕು, ಬ್ಲೇಡ್‌ನಲ್ಲಿ ಕೆರೆದರೆ ಗೀರು ಬಿದ್ದು ಇನ್ನಷ್ಟು ಕಟ್ಟುತ್ತದೆ.

ಸ್ಕ್ರಬ್_ಸಿಸ್ಟರ್:

ತುಂಬಾ ಉಪಕಾರವಾಯಿತು. ಲ್ಯಾಪ್ರೋಸ್ಕೋಪಿಯಲ್ಲಿ ಹೊಗೆಯಿಂದ ಕ್ಯಾಮೆರಾಗೆ ಮಂಜು ಕವಿದಾಗ ಪೋರ್ಟ್‌ನ (ಹೊಟ್ಟೆಗೆ ತೂರಿಸಿದ ಕೊಳವೆಯ) ನಲ್ಲಿ ತಿರುಗಿಸಿ ಹೊಗೆ ಹೊರಗೆ ಬಿಡುತ್ತಾರೆ, ಸರಿಯೇ? ಪವರ್ ಸಾಲುತ್ತಿಲ್ಲ ಅಂದರೆ ಏರಿಸುತ್ತಾ ಹೋಗಬಹುದೇ?

ಅರಿವಳಿಕೆ_ಡಾಕ್ಟರ್:

ನಲ್ಲಿ ಹಾಗೇ ಬಿಟ್ಟರೆ ಹೊಟ್ಟೆಯೊಳಗೆ ಗಟ್ಟಿಯಾಗಿ ಸೇರಿದ ಹೊಗೆ ಒತ್ತಡದಲ್ಲಿ ಪಕ್ಕದವರ ಮುಖಕ್ಕೇ ಚಿಮ್ಮುತ್ತದೆ. ಆ ಪೋರ್ಟಿಗೆ ಟ್ಯೂಬ್, ಫಿಲ್ಟರ್ ಜೋಡಿಸಿ ಬಿಡಿ. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸನ್ನು ಕೊನೆಯಲ್ಲಿ ತೆಗೆಯುವುದೂ ಅದೇ ದಾರಿಯಲ್ಲಿ. ಪೋರ್ಟ್ ಕಿತ್ತು ಗ್ಯಾಸ್ ಬಿಡಬಾರದು.

ಕೇಳದಿದ್ದರೂ ಬೆಂಕಿಯ ಬಗ್ಗೆ ಹೇಳಲೇಬೇಕು. ಸ್ಪಿರಿಟ್ ಇರುವ ಪ್ರೆಪ್ (ಚರ್ಮ ಶುದ್ಧಿಯ ದ್ರಾವಣ) ಹಾಕಿದರೆ ಕನಿಷ್ಠ 3 ನಿಮಿಷ ಒಣಗಬೇಕು, ಕೂದಲಿರುವಲ್ಲಿ ಒಂದು ಗಂಟೆಯವರೆಗೂ ಬೇಕಾಗಬಹುದು. ಹೊಕ್ಕುಳಲ್ಲಿ, ಬೆನ್ನಡಿ ನಿಂತದ್ದನ್ನು ಒರೆಸಿ, ಒದ್ದೆಯಾದ ಬಟ್ಟೆ ತೆಗೆದ ಮೇಲೆಯೇ ಡ್ರೇಪ್ (ರೋಗಿಯ ಮೇಲಿನ ಶುದ್ಧ ಹೊದಿಕೆ). ಮುಖ, ಕುತ್ತಿಗೆಯ ಕೇಸಿನಲ್ಲಿ ಮಾಸ್ಕ್‌ನಿಂದ ಆಕ್ಸಿಜನ್ ಹೋಗುತ್ತಿದ್ದರೆ ಅದು ಡ್ರೇಪ್ ಅಡಿ ತುಂಬಿಕೊಳ್ಳುತ್ತದೆ. ಕಾಟರಿ ಒತ್ತುವ ಮೊದಲು ಸರ್ಜನ್ ನಮಗೆ ಹೇಳಬೇಕು, ನಾವು ಆಕ್ಸಿಜನ್ 30 ಪ್ರತಿಶತ ಅಥವಾ ಅದಕ್ಕಿಂತ ಕೆಳಗೆ ಇಳಿಸಿ ಕೆಲವು ನಿಮಿಷ ಕಾಯಬೇಕು. ಟ್ರೆಕಿಯಾಸ್ಟಮಿಯಲ್ಲಿ ಶ್ವಾಸನಾಳವನ್ನು ಕಾಟರಿಯಿಂದ ತೆರೆಯಲೇಬಾರದು. ಕೆಲಸವಿಲ್ಲದ ಪೆನ್ಸಿಲ್ ಹೋಲ್ಸ್ಟರ್‌ನಲ್ಲಿರಲಿ, ರೋಗಿಯ ಹೊಟ್ಟೆಯ ಮೇಲಲ್ಲ.

ಬಯೋಮೆಡಿಕಲ್_ಬೆಂಚ್:

ಪವರ್ ಏರಿಸುವ ಮೊದಲು ಪ್ಲೇಟ್ ನೋಡಿ, ಅಂದರೆ ಕರೆಂಟ್ ಯಂತ್ರಕ್ಕೆ ಮರಳಲೆಂದು ರೋಗಿಯ ಚರ್ಮಕ್ಕೆ ಅಂಟಿಸುವ ಹಾಳೆ. ಮಾಮೂಲಿ ಪವರ್‌ನಲ್ಲಿ ಕೆಲಸ ಆಗುತ್ತಿಲ್ಲ ಅಂದರೆ ಪ್ಲೇಟ್ ಅರ್ಧ ಎದ್ದಿರಬಹುದು. ಆಗ ಅಷ್ಟೂ ಕರೆಂಟ್ ಅಂಟಿರುವ ಒಂದು ಅಂಚಿನಿಂದ ಹೊರಬಂದು, ಶೀಟ್ ತೆಗೆದಾಗ ತೊಡೆಯ ಮೇಲೆ ಪ್ಲೇಟ್ ಅಂಚಿನ ಆಕಾರದ್ದೇ ಸುಟ್ಟ ಗಾಯ ಕಾಣುತ್ತದೆ. ಕತ್ತರಿಸುವ ಜಾಗಕ್ಕೆ ಹತ್ತಿರದ, ಮಾಂಸ ತುಂಬಿದ ಭಾಗಕ್ಕೆ ಹಾಕಿ. ಮೂಳೆ ಉಬ್ಬು, ಹಳೆ ಗಾಯದ ಕಲೆ, ಕೂದಲು, ಒಳಗೆ ರಾಡ್ ಇರುವ ಜಾಗ ಬೇಡ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿದರೆ ಮತ್ತೆ ಕೈಯಾಡಿಸಿ ನೋಡಿ. ಒಬ್ಬರಿಗೆ ಹಾಕಿದ ಡಿಸ್ಪೋಸಬಲ್ ಪ್ಲೇಟನ್ನು ಇನ್ನೊಬ್ಬರಿಗೆ ಅಂಟಿಸುವುದು ಬೇಡ, ಜೆಲ್ ಒಣಗಿ ಅಂಚು ಏಳುತ್ತದೆ.

ಎರಡು ಭಾಗದ ಪ್ಲೇಟನ್ನೇ ತರಿಸಿ. ಅಂಟು ಬಿಟ್ಟರೆ ಯಂತ್ರಕ್ಕೆ ತಿಳಿಯುವುದು ಅದರಿಂದ ಮಾತ್ರ. ಒಂದೇ ಭಾಗದ್ದು ಹಾಕಿದರೆ ವೈರ್ ತುಂಡಾಗಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ, ಚರ್ಮದಿಂದ ಎದ್ದಿದ್ದರೂ ಅಲಾರ್ಮ್ ಕೂಗುವುದಿಲ್ಲ. ಪೆನ್ಸಿಲ್ ವೈರನ್ನು ಟವೆಲ್ ಕ್ಲಿಪ್‌ಗೆ ಸುತ್ತುವ ಅಭ್ಯಾಸ ಇದ್ದರೆ ಪ್ಲಾಸ್ಟಿಕ್ ಕ್ಲಿಪ್ ತರಿಸಿ. ಲೋಹದ ಕ್ಲಿಪ್ ಚರ್ಮಕ್ಕೆ ತಾಗಿದ್ದರೆ ಅಲ್ಲೂ ಸುಡುತ್ತದೆ.