ಹೊಸ ವಿಮಾನ ಎಂಜಿನ್: ಸಿಲಿಕಾ ಜೆಲ್ ಎರಡೇ ವಾರಕ್ಕೆ ಗುಲಾಬಿ ಆಗುತ್ತಿದೆ

ಪ್ರಶ್ನೆ:
ನಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ನಾಲ್ಕು ಸಿಲಿಂಡರಿನ ಹೊಸ ಲೈಕಮಿಂಗ್ ಎಂಜಿನ್ ತರಿಸಿದ್ದೇನೆ. ರೆಕ್ಕೆ ಕೆಲಸ ಬಾಕಿ ಇದೆ, ಎಂಜಿನ್ ಸ್ಟಾರ್ಟ್ ಮಾಡಲು ಇನ್ನೂ ಎರಡು ವರ್ಷ ಬೇಕು. ಮೇಲಿನ ಸ್ಪಾರ್ಕ್ ಪ್ಲಗ್ ತೂತುಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳು ತುಂಬಿದ ಪ್ಲಗ್ ಹಾಕಿದ್ದೇನೆ. ನೀಲಿ ಕಾಳು ಎರಡೇ ವಾರಕ್ಕೆ ಗುಲಾಬಿ ಆಗುತ್ತದೆ. ಬದಲಾಯಿಸಿದರೂ ಅದೇ ಕಥೆ. ಎಣ್ಣೆ ಎಲ್ಲ ಕಡೆ ಹರಡಲಿ ಅಂತ ವಾರಕ್ಕೊಮ್ಮೆ ಕೈಯಲ್ಲಿ ಎಂಜಿನ್ ತಿರುಗಿಸುತ್ತೇನೆ. ಏನು ತಪ್ಪಾಗುತ್ತಿದೆ?

ಉತ್ತರ:
ದಯವಿಟ್ಟು ತಿರುಗಿಸುವುದನ್ನು ಇವತ್ತೇ ನಿಲ್ಲಿಸಿ. ಕೈಯಲ್ಲಿ ತಿರುಗಿಸಿದರೆ ಎಣ್ಣೆ ಹರಡುವುದಿಲ್ಲ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಯ ಎಣ್ಣೆಯನ್ನು ಒರೆಸಿ ಹಾಕುತ್ತವೆ. ಲೈಕಮಿಂಗಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲೆ. ಎಂಜಿನ್ ಓಡುವಾಗ ಎರಚುವ ಎಣ್ಣೆಯೇ ಅದಕ್ಕೆ ಗತಿ. ನಿಂತ ಎಂಜಿನ್ ತಿರುಗಿಸಿದರೆ ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್ ನಡುವೆ ಉಳಿದ ಎಣ್ಣೆ ಪದರವೂ ಹೋಗುತ್ತದೆ. ಅಲ್ಲಿ ಒಂದು ಚುಕ್ಕಿ ತುಕ್ಕು ಕೂತರೂ ಸಾಕು, ಆಮೇಲೆ ಲೋಹ ಸವೆದು ಫಿಲ್ಟರಿಗೆ ಬರುತ್ತದೆ. ಕ್ರ್ಯಾಂಕಿಗೆ ‘ತಿರುಗಿಸಬೇಡಿ’ ಅಂತ ಕೆಂಪು ಚೀಟಿ ಕಟ್ಟಿ.

ಗುಲಾಬಿ ಬಣ್ಣ ಅಂದರೆ ಎಲ್ಲೋ ಹೊರಗಿನ ತೇವದ ಗಾಳಿ ಒಳಗೆ ಬರುತ್ತಿದೆ ಅಂತ. ಕ್ರ್ಯಾಂಕ್ ಹೇಗೇ ನಿಂತಿದ್ದರೂ ಯಾವುದಾದರೂ ಒಂದು ವಾಲ್ವ್ ತೆರೆದೇ ಇರುತ್ತದೆ, ಅಲ್ವಾ? ಹಾಗಾಗಿ ಎಕ್ಸಾಸ್ಟ್ ಬಾಯಿ, ಗಾಳಿ ಎಳೆಯುವ ಬಾಯಿ, ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ), ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ ಕೊಳವೆ, ಎಲ್ಲ ಗಟ್ಟಿಯಾಗಿ ಮುಚ್ಚಿರಬೇಕು. ಬರೀ ಟೇಪ್ ನಂಬಬೇಡಿ.

ನೀವು ಇಷ್ಟು ದಿನ ತಿರುಗಿಸಿದ್ದೀರಿ, ಗೋಡೆಯ ಎಣ್ಣೆ ಒರೆಸಿ ಹೋಗಿರುತ್ತದೆ. ಪ್ರತಿ ಸಿಲಿಂಡರಿಗೂ ಸುಮಾರು 60 ಮಿ.ಲೀ. ತುಕ್ಕು ತಡೆಯುವ ಪ್ರಿಸರ್ವೇಟಿವ್ ಎಣ್ಣೆ ಸಿಂಪಡಿಸಿ. ಆಮೇಲೆ ಮುಟ್ಟಬೇಡಿ.

ಇನ್ನೊಬ್ಬರ ಉತ್ತರ:
ನನ್ನದು ಐದು ವರ್ಷ ಕೂತಿತ್ತು. ದೊಡ್ಡ ಡಬ್ಬಿಗೆ ಸಿಲಿಕಾ ಜೆಲ್ ತುಂಬಿ, ಮೀನಿನ ತೊಟ್ಟಿಯ ಗಾಳಿ ಪಂಪನ್ನು ಅದರೊಳಗೇ ಇಟ್ಟೆ. ಹೊರಗಿಟ್ಟರೆ ಪಂಪ್ ಕೋಣೆಯ ತೇವದ ಗಾಳಿಯನ್ನೇ ಎಳೆಯುತ್ತದೆ. ಒಣ ಗಾಳಿ ಡಿಪ್‌ಸ್ಟಿಕ್ ಕೊಳವೆಯಿಂದ ಒಳಗೆ, ಬ್ರೀದರಿನಿಂದ ವಾಪಸ್ ಡಬ್ಬಿಗೆ. ಗುಲಾಬಿಯಾದ ಕಾಳನ್ನು ತಟ್ಟೆಗೆ ಸುರಿದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ ಮತ್ತೆ ನೀಲಿ. ಪ್ಲಗ್ಗನ್ನೇ ಓವನ್‌ಗೆ ಇಡಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇದೆ, ಅಡುಗೆಯ ಓವನ್ ಬೇಡವೇ ಬೇಡ.

ಸ್ಟಾರ್ಟ್ ಮಾಡುವ ದಿನ ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ನಿಧಾನವಾಗಿ ತಿರುಗಿಸಿ, ಸಿಲಿಂಡರಿನ ಎಣ್ಣೆ ಪೂರ್ತಿ ಇಳಿಸಿ. ಎಣ್ಣೆ ಒಳಗೇ ಇದ್ದು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಸುಮ್ನೆ ಐದು ನಿಮಿಷ ಓಡಿಸಿ ನಿಲ್ಲಿಸುವುದೂ ಬೇಡ. ಎಣ್ಣೆ ಸರಿಯಾಗಿ ಬಿಸಿಯಾಗದೆ ಒಳಗೆ ತೇವ ಜಾಸ್ತಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಬ್ರೀದರಿನ ಪ್ಲಾಸ್ಟಿಕ್ ಮುಚ್ಚಳ ಹಿಂಬದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಟಾರ್ಚ್ ಹಿಡಿದು ಉಗುರಿನಿಂದ ಸವರಿದಾಗಲೇ ಗೊತ್ತಾಗಿದ್ದು. ರಬ್ಬರ್ ಬಿರಡೆ ಹಾಕಿ ಕ್ಲ್ಯಾಂಪ್ ಬಿಗಿದೆ, ಎಣ್ಣೆಯನ್ನೂ ಸಿಂಪಡಿಸಿದೆ. ಇವತ್ತಿಗೆ ಮೂರು ವಾರ, ನಾಲ್ಕೂ ಪ್ಲಗ್ ನೀಲಿಯಾಗೇ ಇವೆ. ಕೆಂಪು ಚೀಟಿಯೂ ಕಟ್ಟಿದ್ದೇನೆ.