ಗ್ಯಾಲರಿಯಲ್ಲಿ ನೆಟ್ಟಗಿರೋ ಫೋಟೋ ಅಪ್‌ಲೋಡ್ ಮಾಡಿದ ಮೇಲೆ ಅಡ್ಡ ಬೀಳುತ್ತೆ, ಯಾಕೆ?

ಓರೆಗಣ್ಣು:
ಅಪ್ಪನ ಹಳೇ ದಾಖಲೆಗಳ ಫೋಟೋ ತೆಗೆದು ಒಂದು ಪೋರ್ಟಲ್‌ಗೆ ಹಾಕ್ತಿದ್ದೀನಿ. ಫೋನಲ್ಲಿ ಎಲ್ಲ ಸರಿಯಾಗಿವೆ, ಹಾಕಿದ ಕೂಡಲೇ ಅರ್ಧದಷ್ಟು ಎಡಕ್ಕೆ ಮಲಗಿಬಿಡ್ತವೆ. ಆನ್‌ಲೈನಲ್ಲಿ ತಿರುಗಿಸಿ ಹಾಕಿದ್ರೆ ನಿಲ್ಲುತ್ತೆ, ಆದ್ರೆ ಅಕ್ಷರ ಮಸುಕು. ಪಿಡಿಎಫ್ ಆದ್ರೆ ಬ್ರೌಸರಲ್ಲಿ ತಿರುಗಿಸಿ ಮುಚ್ಚಿ, ಮತ್ತೆ ತೆರೆದ್ರೆ ಹಳೇ ಭಂಗಿ. ಆಫೀಸ್ ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಹಾಕೋ ಹಾಗಿಲ್ಲ.

ಚಿಟಿಕೆ:
ನೆಟ್ಟಗೆ ಕಾಣೋವಾಗ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ, ಮುಗೀತು.

ಸ್ಕ್ಯಾನರ್ ಮುಂದಿನವನು:
ಸ್ಕ್ರೀನ್‌ಶಾಟ್ ಬೇಡ ಮಾರಾಯ್ರೇ. ಪರದೆಯಲ್ಲಿ ಎಷ್ಟು ಪಿಕ್ಸೆಲ್ ಇದೆಯೋ ಅಷ್ಟೇ ಉಳಿಯೋದು. ಸೀಲಿನ ಸುತ್ತ ಇರೋ ಸಣ್ಣ ಬರಹ ಮೊದಲು ಹೋಗುತ್ತೆ, ಪರಿಶೀಲನೆ ಮಾಡೋರು ನೋಡೋದು ಅದನ್ನೇ.

ದಾಖಲೆ ಸ್ಕ್ಯಾನ್ ಮಾಡೋದೇ ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಎಷ್ಟೋ ಫೋನ್‌ಗಳು ಫೋಟೋವನ್ನ ನಿಜವಾಗಿ ತಿರುಗಿಸೋದೇ ಇಲ್ಲ. ಸೆನ್ಸರ್ ಕಂಡ ಹಾಗೆ ಅಡ್ಡಕ್ಕೇ ಬರೆದಿಟ್ಟು, ಫೈಲಿನೊಳಗೇ ಅಡಗಿರೋ ‘ಎಕ್ಸಿಫ್’ ಅನ್ನೋ ಮಾಹಿತಿಯಲ್ಲಿ ಒಂದು ಅಂಕಿ ಸೇರಿಸ್ತವೆ. 1 ಅಂದ್ರೆ ಇದ್ದ ಹಾಗೇ ತೋರಿಸು, 3 ಅಂದ್ರೆ ತಲೆಕೆಳಗು ಮಾಡಿ ತೋರಿಸು, 6 ಅಂದ್ರೆ ಬಲಕ್ಕೆ 90 ಡಿಗ್ರಿ, 8 ಅಂದ್ರೆ ಎಡಕ್ಕೆ. ಗ್ಯಾಲರಿ ಅದನ್ನ ಓದುತ್ತೆ. ಕ್ರೋಮ್ 81, ಫೈರ್‌ಫಾಕ್ಸ್ 77 ಬಂದ 2020ರಿಂದ ಬ್ರೌಸರ್‌ಗಳೂ ತಾವಾಗೇ ಓದ್ತವೆ. ನಿಮ್ಮ ಪೋರ್ಟಲ್ ಮಾತ್ರ ಚಿತ್ರ ಚಿಕ್ಕದು ಮಾಡುವಾಗ ಆ ಅಂಕಿಯನ್ನ ಎಸೀತಿರಬೇಕು. ಎಡಕ್ಕೆ ಮಲಗಿದೆ ಅಂದ್ರೆ 6 ಇದ್ದ ಫೋಟೋ. ಫೋನ್ ಅಡ್ಡ ಹಿಡಿದು ತೆಗೆದವು ಸಾಮಾನ್ಯವಾಗಿ 1 ಆಗಿರ್ತವೆ, 1 ಇದ್ದವಕ್ಕೆ ಏನೂ ಆಗಲ್ಲ.

ಮಸುಕಿಗೆ ಕಾರಣ ತಿರುಗಿಸಿದ್ದಲ್ಲ, ಮತ್ತೆ ಜೆಪೆಗ್ ಮಾಡಿದ್ದು. ಜೆಪೆಗ್ ಚಿತ್ರ 8×8 ಪಿಕ್ಸೆಲಿನ ಚೌಕಗಳಲ್ಲಿ ಇರುತ್ತೆ. 90 ಡಿಗ್ರಿ ತಿರುವನ್ನ ಆ ಚೌಕಗಳನ್ನ ಜೋಡಿಸಿಯೇ, ಗುಣಮಟ್ಟ ಒಂಚೂರೂ ಕಳೆಯದೆ ಮಾಡಬಹುದು. ಬಹಳಷ್ಟು ಸೈಟ್‌ಗಳು ಆ ಕಷ್ಟ ತಗೊಳ್ಳಲ್ಲ, ಪೂರ್ತಿ ಬಿಚ್ಚಿ ಮತ್ತೆ ಹಿಂಡ್ತವೆ. ಹಾಗಾಗಿ ‘ಲಾಸ್‌ಲೆಸ್’ (ಗುಣಮಟ್ಟ ಕಳೆಯದ್ದು) ಅಂತ ಹೇಳೋ ಸೈಟ್ ಹುಡುಕಿ, ಸಿಗದಿದ್ರೆ ಕ್ವಾಲಿಟಿ 90ರ ಮೇಲಿಡಿ. ಒಮ್ಮೆ ತಿರುಗಿಸಿದ ಫೈಲನ್ನೇ ಮತ್ತೆ ತಿರುಗಿಸಬೇಡಿ, ಪ್ರತಿ ಸಲ ಮೂಲ ಫೋಟೋದಿಂದಲೇ ಶುರು ಮಾಡಿ.

ಪಿಡಿಎಫ್‌ನಲ್ಲಿ ಬ್ರೌಸರ್ ತಿರುಗಿಸಿದ್ದು ಬರೀ ನಿಮ್ಮ ಕಣ್ಣಿಗೆ, ಫೈಲಿಗಲ್ಲ. ಪ್ರತಿ ಪುಟಕ್ಕೂ ‘ರೊಟೇಟ್’ ಅಂತ ಒಂದು ಅಂಕಿ ಬರೆಯೋ ಜಾಗ ಇದೆ: 0, 90, 180, 270. ಒಳ್ಳೇ ಸಾಧನ ಅಷ್ಟನ್ನೇ ಬದಲಾಯಿಸುತ್ತೆ. ಕೆಟ್ಟದು ಪುಟವನ್ನೇ ಚಿತ್ರ ಮಾಡಿ ಕೊಡುತ್ತೆ. ಮೂಲದಲ್ಲಿ ಅಕ್ಷರ ಸೆಲೆಕ್ಟ್ ಆಗ್ತಿದ್ದು ಇಳಿಸಿಕೊಂಡಿದ್ದರಲ್ಲಿ ಆಗಲಿಲ್ಲ ಅಂದ್ರೆ ಆ ಸೈಟ್ ಬಿಡಿ. ಡಿಜಿಟಲ್ ಸಹಿ ಇರೋ ಪಿಡಿಎಫ್ ಮಾತ್ರ ಮುಟ್ಟಲೇಬೇಡಿ, ತಿರುಗಿಸಿ ಉಳಿಸಿದ್ರೆ ಸಹಿ ಸಿಂಧುವಾಗಿ ಉಳಿಯಲ್ಲ.

ಓರೆಗಣ್ಣು:
ಓಹ್, ಈಗ ಗೊತ್ತಾಯ್ತು. ಆದ್ರೆ ಗುರುತಿನ ಚೀಟಿಗಳೂ ಇವೆ ಸರ್. ಸೈಟ್ ಅದನ್ನ ತನ್ನ ಸರ್ವರ್‌ಗೆ ಕಳಿಸುತ್ತಾ ಇಲ್ವಾ ಅಂತ ತಿಳಿಯೋದು ಹೇಗೆ?

ಸ್ಕ್ಯಾನರ್ ಮುಂದಿನವನು:
ಪುಟ ತೆರೆದು ಪೂರ್ತಿ ಲೋಡ್ ಆಗಲಿ, ಆಮೇಲೆ ವೈಫೈ ಆಫ್ ಮಾಡಿ ಗುಟ್ಟೇನೂ ಇಲ್ಲದ ಒಂದು ಫೋಟೋ ತಿರುಗಿಸಿ. ಫೈಲ್ ಕೈಗೆ ಬಂದ್ರೆ ಕೆಲಸ ನಿಮ್ಮ ಬ್ರೌಸರಲ್ಲೇ ಆಯ್ತು. ಚಕ್ರ ಸುತ್ತುತ್ತಾ ಕೂತ್ರೆ ಸೈಟ್ ತನ್ನ ಸರ್ವರ್‌ಗಾಗಿ ಕಾಯ್ತಿದೆ ಅಂತ ಅರ್ಥ, ಅಲ್ಲಿ ಗುರುತಿನ ಚೀಟಿ ಹಾಕಬೇಡಿ. ಸ್ಕ್ವೂಶ್ ಅನ್ನೋ ಸೈಟ್ ಚಿತ್ರವನ್ನ ಬ್ರೌಸರಲ್ಲೇ ತಿರುಗಿಸುತ್ತೆ, ಓಪನ್ ಸೋರ್ಸ್ ಬೇರೆ, ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ನೋಡಬಹುದು. ಒಂದೊಂದೇ ಹಾಕಬೇಕು ಅನ್ನೋದೊಂದೇ ಕಿರಿಕಿರಿ.

ಚಿಟಿಕೆ:
ಎರಡು ಮೂರು ಡಿಗ್ರಿ ಓರೆ ಇದ್ರೆ?

ಸ್ಕ್ಯಾನರ್ ಮುಂದಿನವನು:
ಅದು ಬೇರೆ ಲೆಕ್ಕ. 90ರ ತಿರುವಲ್ಲಿ ಪಿಕ್ಸೆಲ್ ಜಾಗ ಬದಲಾಯಿಸುತ್ತೆ ಅಷ್ಟೇ, ಓರೆ ತಿದ್ದುವಾಗ ಪ್ರತಿ ಪಿಕ್ಸೆಲನ್ನೂ ಅಕ್ಕಪಕ್ಕದವುಗಳಿಂದ ಅಂದಾಜು ಮಾಡಬೇಕು, ಅಕ್ಷರದ ಅಂಚು ಕರಗುತ್ತೆ. ಕಾಗದ ಕೈಲಿದ್ರೆ ಇನ್ನೊಂದು ಫೋಟೋ ತೆಗೀರಿ.