ಸಹಾಯ ಬೇಕು: ಹುಡುಕುವವರ ಕಣ್ಣಿಗೆ ನೆರವಾಗುವ ಗುರುತು ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ. ಕಾಡಲ್ಲಿ ದಾರಿ ತಪ್ಪಿದವರನ್ನು ಡ್ರೋನ್ ವಿಡಿಯೋ ನೋಡಿ ಹುಡುಕುವವರಿಗಾಗಿ ಒಂದು ಸ್ಕ್ರೀನ್ ಡಿಸೈನ್ ಮಾಡುತ್ತಿದ್ದೇನೆ. ಸಾಫ್ಟ್‌ವೇರ್‌ಗೆ ಅನುಮಾನ ಬಂದ ಕಡೆ ಕೆಂಪು ಚೌಕ ಬರುತ್ತದೆ. ತಲೆನೋವು ಶುರುವಾಗಿದ್ದೇ ಅಲ್ಲಿ.

ಮೊನ್ನೆ ಪರೀಕ್ಷೆ ಮಾಡಿದಾಗ ಒಬ್ಬರು ಚೌಕದೊಳಗಿನ ಬಂಡೆಯನ್ನೇ ದಿಟ್ಟಿಸುತ್ತಾ ಕೂತರು, ಅದೇ ಫ್ರೇಮಿನ ಮೂಲೆಯಲ್ಲಿ ಮರದ ನೆರಳಿಗೆ ನಾವೇ ಇಟ್ಟಿದ್ದ ನೀಲಿ ಜಾಕೆಟ್ ಅವರ ಕಣ್ಣಿಗೆ ಬೀಳಲೇ ಇಲ್ಲ. ಚೌಕ ತೆಗೆದು ಇನ್ನೊಬ್ಬರಿಗೆ ತೋರಿಸಿದೆ. ತಕ್ಷಣ ಸಿಕ್ಕಿತು! ಅಂದರೆ ನನ್ನ ಗುರುತೇ ಅಡ್ಡ ಬಂತು, ಅಲ್ವಾ?

ನೋಡುವವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. 2013ರ ಒಂದು ಅಧ್ಯಯನದಲ್ಲಿ, ಶ್ವಾಸಕೋಶದ ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಮಂದಿಗೆ ಅದರೊಳಗೇ ಸೇರಿಸಿದ್ದ ಗೊರಿಲ್ಲಾ ಚಿತ್ರ ಕಾಣಲಿಲ್ಲ. ಜೊತೆಗೆ ಹುಡುಕುವ ವಸ್ತು ಅಪರೂಪವಾದಷ್ಟೂ ಅದು ತಪ್ಪಿಹೋಗುವುದು ಜಾಸ್ತಿ. ನಮ್ಮ ವಿಡಿಯೋದಲ್ಲಂತೂ ಗಂಟೆಗಟ್ಟಲೆ ಬರೀ ಮರಗಳು.

ಈಗ ನನಗಿರುವ ಯೋಚನೆ ಇದು: ಮೊದಲು ಅವರೇ ಪೂರ್ತಿ ನೋಡಲಿ, ಆಮೇಲೆ ಒಂದು ಬಟನ್ ಒತ್ತಿದರೆ ಮಾತ್ರ ಗುರುತುಗಳು ಬರಲಿ. ಆದರೆ ವಿಡಿಯೋ ಓಡುತ್ತಲೇ ಇರುತ್ತದೆ, ಎರಡು ಸಲ ನೋಡುವಷ್ಟು ಸಮಯ ಯಾರಿಗಿದೆ? ಇನ್ನೊಂದು, ಈಗಾಗಲೇ ನೋಡಿದ ಜಾಗವನ್ನು ಸ್ವಲ್ಪ ಮಬ್ಬು ಮಾಡುವುದು. ಇದು ನನಗೇ ಅಷ್ಟು ಇಷ್ಟವಿಲ್ಲ, ಕಣ್ಣು ಹಾಯಿಸಿದ ಮಾತ್ರಕ್ಕೆ ನೋಡಿದಂತಾಗುವುದಿಲ್ಲ.

ಬ್ಯಾಗ್ ಎಕ್ಸ್‌ರೇ, ಸಿಸಿಟಿವಿ, ಸ್ಕ್ಯಾನ್ ಓದುವ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಯಾವ ಗುರುತು ನಿಜವಾಗಿ ಉಪಯೋಗಕ್ಕೆ ಬಂತು, ಯಾವುದನ್ನು ಮೊದಲ ದಿನವೇ ಆಫ್ ಮಾಡಿದಿರಿ ಹೇಳಿ. ಹಾಂ, ಹಸಿರಿನ ಮೇಲೆ ಕೆಂಪು ಗೆರೆ ಕೆಲವರಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೂ ಒಳ್ಳೆ ಬಣ್ಣ ಇದ್ದರೆ ತಿಳಿಸಿ.